ಕಚೇರಿಯ ಕಡತವೂ ಪರಾಧೀನತೆಯೂ

ರಾಜ್ಯವೊಂದು ಕತ್ತಿಯ ಬಲದಿಂದ ಹುಟ್ಟಬಹುದು. ಆದರೆ ಅದು ನಿಲ್ಲುವುದು ಬರಹದ ಬಲದಿಂದ. ಯಾರ ಹೊಲದ ಎಲ್ಲೆ ಎಲ್ಲಿಯವರೆಗೆ, ಯಾರು ಸಲ್ಲಿಸಬೇಕಾದ ಕಂದಾಯವೆಷ್ಟು, ಯಾವ ಕೆರೆಯ ನೀರು ಯಾವ ಗದ್ದೆಗೆ, ಯಾವ ಮಗು ಯಾವ ದಿನ ಜನಿಸಿತು ಎಂಬಿವೆಲ್ಲವನ್ನೂ ಕ್ರಮವಾಗಿ ಬರೆದಿಡುವ ಕಚೇರಿಯಿಲ್ಲದಿದ್ದರೆ ದೊರೆತನವೂ ಇಲ್ಲ, ಪ್ರಜಾಧಿಕಾರವೂ ಇಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರಗಳ ಕಚೇರಿಗೆ ಒಂದು ಅಧ್ಯಾಯವನ್ನೂ, ರಾಜಶಾಸನವನ್ನು ಬರೆಯುವ ಕ್ರಮಕ್ಕೆ ಇನ್ನೊಂದು ಅಧ್ಯಾಯವನ್ನೂ ಮೀಸಲಿಟ್ಟಿರುವುದು ಈ ಕಾರಣದಿಂದಲೇ. ಆ ಗ್ರಂಥದ ಚರಿತ್ರೆಯೇ ಬರಹದ ಸ್ವಾತಂತ್ರ್ಯಕ್ಕೆ ಒಂದು ನಿದರ್ಶನವಾಗಿದೆ. ಬಹುಕಾಲ ಕಣ್ಮರೆಯಾಗಿದ್ದ ಅದರ ತಾಳೆಯೋಲೆಯ ಪ್ರತಿಯೊಂದು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿತು. 1909ರಲ್ಲಿ ಗ್ರಂಥವು ಅಚ್ಚಾಯಿತು. ಗ್ರಂಥಲಿಪಿಯಲ್ಲಿದ್ದ ಆ ಓಲೆಯನ್ನು ಓದುವುದಕ್ಕೆ ಶಾಸ್ತ್ರಿಗಳು ಕಂಟವನ್ನು ಮಾಡಿದ ಕಮ್ಮಾರನ ಅಪ್ಪಣೆಯನ್ನು ಬೇಡಬೇಕಾಗಿರಲಿಲ್ಲ. ಓಲೆಯನ್ನು ಮಾರಿದವನ ಸಂತತಿಗೆ ವರ್ಷವರ್ಷವೂ ಕಾಣಿಕೆಯನ್ನು ಸಲ್ಲಿಸಬೇಕಾಗಿರಲಿಲ್ಲ. ಲಿಪಿಯನ್ನು ಬಲ್ಲವರು ಓದಿದರು, ಲೋಕವು ತಿಳಿಯಿತು.

ಕಡತವೆಂಬ ಮಾತಿನ ಪೂರ್ವಕಥೆಯೂ ಇಂಥದೇ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆದಿಡುತ್ತಿದ್ದ ಪುಸ್ತಕವೇ ಮೊದಲಿನ ಕಡತ. ಶೃಂಗೇರಿಯ ಮಠದಲ್ಲಿ ಉಳಿದುಬಂದಿರುವ ಕಡತಗಳಿಂದ ಇತಿಹಾಸಕಾರರು ಇಂದಿಗೂ ವಿಷಯಗಳನ್ನು ಸಂಗ್ರಹಿಸುತ್ತಿರುವರು. ಉತ್ತರ ಕರ್ನಾಟಕದ ಹಳೆಯ ದಫ್ತರಗಳಲ್ಲಿ ಮೋಡಿಲಿಪಿಯ ಕಾಗದಗಳು ರಾಶಿರಾಶಿಯಾಗಿ ಬಿದ್ದಿವೆ. ಅವನ್ನು ಓದಬಲ್ಲವರು ವಿರಳರಾಗಿದ್ದಾರೆಂಬುದು ನಿಜ. ಆದರೂ ಮೋಡಿಯನ್ನು ಕಲಿಯಬೇಕೆಂದು ಮನಸ್ಸುಮಾಡಿದವನಿಗೆ ಅಡ್ಡಿಯೇನೂ ಇಲ್ಲ. ಆ ಲಿಪಿಗೆ ಒಡೆಯನಿಲ್ಲ. ಅದರ ಬಾಗಿಲಿಗೆ ಬೀಗವಿಲ್ಲ.

ಇಂದಿನ ಕಚೇರಿಗಳಲ್ಲಿ ಈ ಸ್ಥಿತಿಯು ಉಳಿದಿಲ್ಲ. ತಾಲ್ಲೂಕು ಕಚೇರಿಯ ಟಿಪ್ಪಣಿಯಿಂದ ಹಿಡಿದು ಸಹಕಾರ ಸಂಘದ ಜಮಾಖರ್ಚಿನವರೆಗೆ, ಶಾಲೆಯ ಅಂಕಪಟ್ಟಿಯಿಂದ ಹಿಡಿದು ಸಾಹಿತ್ಯ ಸಂಘದ ವಾರ್ಷಿಕ ವರದಿಯವರೆಗೆ ಎಲ್ಲವೂ ಕಂಪ್ಯೂಟರಿನಲ್ಲಿ ಸಿದ್ಧವಾಗುತ್ತವೆ. ಆ ಕಂಪ್ಯೂಟರಿನಲ್ಲಿ ಬರೆಯುವ ಸಾಧನವು ಬಹುಮಟ್ಟಿಗೆ ಅಮೆರಿಕಾ ದೇಶದ ಮೈಕ್ರೋಸಾಫ್ಟ್ ಸಂಸ್ಥೆಯ ವರ್ಡ್, ಎಕ್ಸೆಲ್ ಮೊದಲಾದ ತಂತ್ರಾಂಶಗಳೇ ಆಗಿವೆ. ಆ ತಂತ್ರಾಂಶಗಳು ಒಳಗೆ ಹೇಗೆ ನಡೆಯುತ್ತವೆಂಬುದನ್ನು ಕೊಂಡವನು ನೋಡಕೂಡದು, ತಿದ್ದಕೂಡದು, ನೆರೆಯವನಿಗೆ ಒಂದು ಪ್ರತಿಯನ್ನು ಕೊಡಕೂಡದು. ಹಿಂದೆ ಒಮ್ಮೆ ಹಣ ತೆತ್ತು ಕೊಳ್ಳುವ ಪದ್ಧತಿಯೇ ರೂಢಿಯಲ್ಲಿತ್ತು. ಅದು ಇಂದಿಗೂ ಪೂರ್ಣವಾಗಿ ಹೋಗಿಲ್ಲವಾದರೂ, ವರ್ಷವರ್ಷವೂ ಬಾಡಿಗೆಯನ್ನು ತೆರುವ ಕ್ರಮವೇ ಮೇಲುಗೈ ಪಡೆದಿದೆ. ಬರಹವೂ ಈಗ ಬರೆದವನ ಪೆಟ್ಟಿಗೆಯಲ್ಲಿರದೆ, ದೂರದಲ್ಲೆಲ್ಲಿಯೋ ಇರುವ ಸಂಸ್ಥೆಯ ಸರ್ವರಿನಲ್ಲಿ ವಾಸಮಾಡತೊಡಗಿದೆ. ಗೂಗಲ್ ಸಂಸ್ಥೆಯ ಸಾಧನಗಳನ್ನು ಬಳಸುವವರ ಗತಿಯೂ ಇದಕ್ಕಿಂತ ಬೇರೆಯಲ್ಲ.

ಇದಕ್ಕೆ ಪ್ರತಿಯಾಗಿ ಪ್ರತಿಪಾದಿಸಬೇಕಾದ ಸಿದ್ಧಾಂತವು ಒಂದೇ. ಸಾರ್ವಜನಿಕರ ಬರಹವು ಸಾರ್ವಜನಿಕರ ಸ್ವತ್ತಾಗಿಯೇ ಉಳಿಯಬೇಕಾದರೆ, ಅದನ್ನು ಕಾಪಾಡಿಡುವ ಸ್ವರೂಪದ ನಿಯಮಗಳೂ ಅದನ್ನು ಬರೆಯುವ ಸಾಧನದ ಮರ್ಮವೂ ಎಲ್ಲರಿಗೂ ತೆರೆದಿರಬೇಕು. ಬೆಲೆಯ ಪ್ರಶ್ನೆಯು ಗೌಣ. ಒಡೆತನದ ಪ್ರಶ್ನೆಯೇ ಮುಖ್ಯ.

ಮುಕ್ತ ತಂತ್ರಾಂಶವೆಂದರೇನೆಂಬುದನ್ನು ಮೊದಲು ವಿಶದಪಡಿಸುವುದು ಯುಕ್ತ. ತಂತ್ರಾಂಶವೆಂಬುದು ಯಂತ್ರಕ್ಕೆ ಕೊಡುವ ಆಜ್ಞೆಗಳ ಸಮೂಹ. ಮನುಷ್ಯನು ಓದಿ ಅರ್ಥಮಾಡಿಕೊಳ್ಳುವಂತೆ ಬರೆದ ಆ ಆಜ್ಞೆಗಳ ಮೂಲಪಾಠಕ್ಕೆ ಸೋರ್ಸ್ ಕೋಡು ಎಂದು ಹೆಸರು. ಆ ಮೂಲಪಾಠವನ್ನು ಬಚ್ಚಿಟ್ಟು ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನು ಮಾರುವುದು ಒಂದು ಪದ್ಧತಿ. ಮೂಲಪಾಠವನ್ನೇ ಲೋಕದ ಮುಂದಿಟ್ಟು, ಬಳಸಲು, ಪರಿಶೀಲಿಸಲು, ತಿದ್ದಲು, ಇತರರಿಗೆ ಹಂಚಲು ಎಲ್ಲರಿಗೂ ಅಧಿಕಾರವನ್ನು ಕೊಡುವುದು ಇನ್ನೊಂದು ಪದ್ಧತಿ. ಈ ಎರಡನೆಯದು ಭರತಖಂಡದ ವಿದ್ಯಾಸಂಪ್ರದಾಯಕ್ಕೆ ಅಪರಿಚಿತವಾದುದಲ್ಲ. ಪಾಣಿನಿಯು ಸೂತ್ರಗಳನ್ನು ರಚಿಸಿದನು. ಕಾತ್ಯಾಯನನು ಅವುಗಳ ಮೇಲೆ ವಾರ್ತಿಕವನ್ನು ಬರೆದು ಬಿಟ್ಟುಹೋದುದನ್ನು ಸೇರಿಸಿದನು. ಪತಂಜಲಿಯು ಭಾಷ್ಯದಲ್ಲಿ ಇಬ್ಬರನ್ನೂ ವಿಮರ್ಶಿಸಿದನು. ಯಾರೂ ಯಾರಿಂದಲೂ ಲೈಸೆನ್ಸು ಪಡೆಯಲಿಲ್ಲ. ಸೂತ್ರಗಳನ್ನು ಮುಚ್ಚಿಟ್ಟು, ಸಿದ್ಧವಾದ ಪದರೂಪಗಳನ್ನು ಮಾತ್ರ ಒಂದೊಂದಾಗಿ ಮಾರುವ ವ್ಯಾಪಾರವು ಅಂದು ನಡೆದಿದ್ದರೆ, ವ್ಯಾಕರಣಶಾಸ್ತ್ರವೆಂಬುದೇ ಬೆಳೆಯುತ್ತಿರಲಿಲ್ಲ.

ಕಚೇರಿಯ ಕೆಲಸಕ್ಕಾಗಿ ಇರುವ ಮುಕ್ತ ತಂತ್ರಾಂಶಗಳಲ್ಲಿ ಲಿಬ್ರೆ ಆಫೀಸು ಪ್ರಮುಖವಾದುದು. ಇದು ನಿನ್ನೆ ಮೊನ್ನೆ ಹುಟ್ಟಿದ ಆಟಿಕೆಯಲ್ಲ. ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಸಂಸ್ಥೆಯು ನಿರ್ಮಿಸಿದ ಸ್ಟಾರ್ ಆಫೀಸನ್ನು ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡುಕೊಂಡು, 2000ದಲ್ಲಿ ಅದರ ಮೂಲಪಾಠವನ್ನು ಓಪನ್ ಆಫೀಸ್ ಎಂಬ ಹೆಸರಿನಿಂದ ಲೋಕಕ್ಕೆ ತೆರೆಯಿತು. 2010ರಲ್ಲಿ ಸನ್ ಸಂಸ್ಥೆಯು ಒರಾಕಲ್ಲಿನ ಪಾಲಾದಾಗ, ಕೆಲಸದಲ್ಲಿ ತೊಡಗಿದ್ದವರಲ್ಲಿ ಅನೇಕರು ಹೊಸ ಒಡೆಯನ ಮನಸ್ಸನ್ನು ನೆಚ್ಚದೆ, ಡಾಕ್ಯುಮೆಂಟ್ ಫೌಂಡೇಷನ್ ಎಂಬ ಸಂಘವನ್ನು ಕಟ್ಟಿ ಅದೇ ಮೂಲಪಾಠದಿಂದ ಲಿಬ್ರೆ ಆಫೀಸನ್ನು ಮುಂದುವರಿಸಿದರು. ಒಡೆಯನು ಬದಲಾದರೂ ಕೆಲಸವು ನಿಲ್ಲಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮುಚ್ಚಿದ ತಂತ್ರಾಂಶದ ಒಡೆಯನು ಅಂಗಡಿಯನ್ನು ಎತ್ತಿದರೆ ಗಿರಾಕಿಗೆ ಉಳಿಯುವುದು ಖಾಲಿ ಕಟ್ಟೆ. ತೆರೆದ ತಂತ್ರಾಂಶದಲ್ಲಿ ಬೀಜವು ಊರಿನ ಕಣಜದಲ್ಲಿಯೇ ಇರುತ್ತದೆ.

ಸಾಧನಕ್ಕಿಂತಲೂ ಮುಖ್ಯವಾದುದು ಬರಹವನ್ನು ಕಾಪಿಡುವ ಸ್ವರೂಪ. ಓಪನ್ ಡಾಕ್ಯುಮೆಂಟ್ ಎಂಬ ಸ್ವರೂಪವು 2006ರಲ್ಲಿಯೇ ಅಂತಾರಾಷ್ಟ್ರೀಯ ಪ್ರಮಾಣವಾಗಿ ಅಂಗೀಕೃತವಾಯಿತು. ಒಂದು ಪ್ರಮಾಣವಿರುವಾಗ ಇನ್ನೊಂದೇತಕ್ಕೆಂದು ಕೇಳುವವರ ಮಾತನ್ನು ಲೆಕ್ಕಿಸದೆ, ಮೈಕ್ರೋಸಾಫ್ಟ್ ತನ್ನ ತಂತ್ರಾಂಶದ ಸ್ವರೂಪವನ್ನೇ ಎರಡನೆಯ ಪ್ರಮಾಣವನ್ನಾಗಿ ಮಾಡಿಸಲು ಹೊರಟಿತು. ಮೊದಲನೆಯದರ ವಿವರಣೆಯು ಸುಮಾರು 700 ಪುಟಗಳದು. ಎರಡನೆಯದು 6,000 ಪುಟಗಳನ್ನು ಮೀರಿದುದು. ಇಂಡಿಯಾ ದೇಶವು 2007ರಲ್ಲಿ ಅದಕ್ಕೆ ವಿರುದ್ಧವಾಗಿ ಮತವಿತ್ತಿತು. 2008ರಲ್ಲಿಯೂ ಆ ಮತವನ್ನು ಬದಲಿಸಲಿಲ್ಲ. ಪ್ರಮಾಣವು ಅಂಗೀಕೃತವಾದ ಮೇಲೆ ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ದೇಶಗಳೊಡನೆ ಮೇಲ್ಮನವಿಯನ್ನೂ ಸಲ್ಲಿಸಿತು. ಮೇಲ್ಮನವಿಯು ತಳ್ಳಿಹಾಕಲ್ಪಟ್ಟಿತು. ಅಂತಾರಾಷ್ಟ್ರೀಯ ಸಭೆಯಲ್ಲಿ ಇಷ್ಟು ದಿಟ್ಟವಾಗಿ ಬೇಡವೆಂದ ಸ್ವರೂಪದಲ್ಲಿಯೇ ಆ ದೇಶದ ಕಚೇರಿಗಳು ಇಂದು ದಿನವೂ ಬರೆಯುತ್ತಿರುವುದು ವಿಪರ್ಯಾಸವಲ್ಲವೆ? ಅದೂ ಈಗ ಪ್ರಮಾಣವೇ ಅಲ್ಲವೆ ಎಂದು ಕೆಲವರು ಕೇಳಬಹುದು. ಆ ಪ್ರಮಾಣಕ್ಕೆ ಎರಡು ಪಾಠಗಳುಂಟು: ಹಳೆಯ ತೊಡಕುಗಳನ್ನು ಕಳೆದ ಶುದ್ಧಪಾಠವೊಂದು, ಅವನ್ನು ಹೊತ್ತುಕೊಂಡೇ ಇರುವ ತಾತ್ಕಾಲಿಕ ಪಾಠವೊಂದು. ಮೈಕ್ರೋಸಾಫ್ಟಿನ ತಂತ್ರಾಂಶವು ತಾನಾಗಿ ಬರೆಯುವುದು ಈ ಎರಡನೆಯದನ್ನೇ. ಅನ್ಯ ತಂತ್ರಾಂಶದಲ್ಲಿ ತೆರೆದಾಗ ಸಾಲು ಸರಿಯುವುದಕ್ಕೂ ಕೋಷ್ಟಕ ಕದಲುವುದಕ್ಕೂ ಇದೊಂದು ಕಾರಣ. ದೂಷಣೆ ಮಾತ್ರ ತೆರೆದವನ ತಲೆಗೆ ಬರುತ್ತದೆ.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ಪರಿಶೀಲಿಸಬಹುದು. ಮೊದಲನೆಯವರು ಹೇಳುವುದೇನೆಂದರೆ: “ಇರುವುದು ಚೆನ್ನಾಗಿ ನಡೆಯುತ್ತಿದೆ, ಕೆಲಸವು ಸಾಗುತ್ತಿರುವಾಗ ಕೀಲಿ ಯಾರಲ್ಲಿದ್ದರೇನು?”

ಇದಕ್ಕೆ ಉತ್ತರವನ್ನು ತರ್ಕದಿಂದ ಹುಡುಕಬೇಕಾಗಿಲ್ಲ. 2025ರ ಜುಲೈ ತಿಂಗಳು ಅದನ್ನು ಪ್ರತ್ಯಕ್ಷವಾಗಿಯೇ ತೋರಿಸಿತು. ಗುಜರಾತಿನ ವಾಡಿನಾರಿನಲ್ಲಿ ದೊಡ್ಡ ತೈಲಶುದ್ಧೀಕರಣ ಕೇಂದ್ರವನ್ನು ನಡೆಸುವ ನಾಯರಾ ಎನರ್ಜಿ ಎಂಬ ಸಂಸ್ಥೆಯಲ್ಲಿ ರಷ್ಯಾದ ರಾಸ್‌ನೆಫ್ಟಿಗೆ ಪಾಲುಂಟು. ಆ ತಿಂಗಳು ಐರೋಪ್ಯ ಒಕ್ಕೂಟವು ರಷ್ಯಾದ ಮೇಲೆ ವಿಧಿಸಿದ ಹೊಸ ನಿರ್ಬಂಧಗಳಲ್ಲಿ ನಾಯರಾವನ್ನೂ ಸೇರಿಸಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಗೆ ಒದಗಿಸುತ್ತಿದ್ದ ಸೇವೆಗಳು ನಿಂತುಹೋದವು. ನೌಕರರು ತಮ್ಮ ಇ-ಮೇಲುಗಳನ್ನೂ ತಮ್ಮ ಬರಹಗಳನ್ನೂ ತೆರೆಯಲಾರದವರಾದರು. ನಾಯರಾ ಬಾಕಿ ಉಳಿಸಿಕೊಂಡಿರಲಿಲ್ಲ. ಲೈಸೆನ್ಸಿನ ಹಣವನ್ನು ಪೂರ್ಣವಾಗಿ ಸಲ್ಲಿಸಿದ್ದೇವೆಂದು ಅದು ಹೇಳಿತು. ಇಂಡಿಯಾ ದೇಶದ ಕಾನೂನಾಗಲಿ, ವಿಶ್ವಸಂಸ್ಥೆಯಾಗಲಿ, ಅಮೆರಿಕಾ ಸರ್ಕಾರವಾಗಲಿ ಆ ನಿರ್ಬಂಧವನ್ನು ವಿಧಿಸಿರಲಿಲ್ಲ. ಸಂಸ್ಥೆಯು ದೆಹಲಿಯ ಹೈಕೋರ್ಟಿಗೆ ಹೋದ ಮೇಲೆ, ತಿಂಗಳ ಕೊನೆಗೆ ಸೇವೆಯು ಮರಳಿತು. ಹೈಕೋರ್ಟಿಗೆ ಹೋಗಬಲ್ಲ ದೊಡ್ಡ ಕಂಪೆನಿಗೆ ಇಷ್ಟು. ಹೋಗಲಾರದ ಗ್ರಾಮ ಪಂಚಾಯತಿಗೆ ಎಷ್ಟು? ನಾಯರಾದ ವ್ಯಾಪಾರವು ಸರಿಯೋ ತಪ್ಪೋ ಎಂಬುದು ಇಲ್ಲಿ ಪ್ರಕೃತವಲ್ಲ. ಒಂದು ದೇಶದಲ್ಲಿ ಬರೆದ ಕಡತವನ್ನು, ಎರಡನೆಯ ದೇಶದ ವ್ಯಾಪಾರಿಯು, ಮೂರನೆಯವರ ಕಟ್ಟಳೆಯ ದೆಸೆಯಿಂದ ಮುಚ್ಚಬಲ್ಲನೆಂಬುದೇ ಪ್ರಕೃತ.

ಬರಹವನ್ನು ಮುಚ್ಚುವ ಶಕ್ತಿಯೊಂದೇ ಅಲ್ಲ, ಅದನ್ನು ಇತರರಿಗೆ ತೆರೆಯುವ ಹೊಣೆಯೂ ಆ ವ್ಯಾಪಾರಿಗೆ ಬಂದೊದಗಬಹುದು. 2018ರಲ್ಲಿ ಅಮೆರಿಕಾ ದೇಶವು ಮಾಡಿದ ಕ್ಲೌಡ್ ಆಕ್ಟ್ ಎಂಬ ಕಾನೂನಿನ ಪ್ರಕಾರ, ಅಲ್ಲಿಯ ಸಂಸ್ಥೆಗಳ ವಶದಲ್ಲಿರುವ ಬರಹವು ಲೋಕದ ಯಾವ ಮೂಲೆಯಲ್ಲಿದ್ದರೂ, ವಿಧಿವತ್ತಾದ ಆಜ್ಞೆಯು ಬಂದಾಗ ಅದನ್ನು ಅಲ್ಲಿಯ ಅಧಿಕಾರಿಗಳಿಗೆ ಒಪ್ಪಿಸಬೇಕಾಗುತ್ತದೆ. 2025ರ ಜೂನಿನಲ್ಲಿ ಫ್ರಾನ್ಸಿನ ಸೆನೆಟ್ಟಿನ ಸಮಿತಿಯೊಂದು ಮೈಕ್ರೋಸಾಫ್ಟಿನ ಫ್ರಾನ್ಸ್ ಶಾಖೆಯ ಕಾನೂನು ಅಧಿಕಾರಿಯನ್ನು ಪ್ರಮಾಣಮಾಡಿಸಿ ಪ್ರಶ್ನಿಸಿತು: ಫ್ರೆಂಚ್ ಪ್ರಜೆಗಳ ವಿವರಗಳು ಫ್ರಾನ್ಸಿನ ಒಪ್ಪಿಗೆಯಿಲ್ಲದೆ ಅಮೆರಿಕಾಕ್ಕೆ ಹೋಗುವುದಿಲ್ಲವೆಂದು ಭರವಸೆ ಕೊಡುವಿರಾ? ಅಂಥ ಸಂದರ್ಭವು ಈವರೆಗೆ ಒದಗಿಲ್ಲವೆಂದು ಹೇಳಿದರೂ, ಭರವಸೆಯನ್ನು ಕೊಡಲಾರೆನೆಂದೇ ಅವರು ಉತ್ತರಿಸಿದರು. ಸತ್ಯವನ್ನು ನುಡಿದುದಕ್ಕಾಗಿ ಅವರು ಅಭಿನಂದನೀಯರು. ಮಾರುವವನೇ ಕೊಡಲಾರದ ಭರವಸೆಯನ್ನು ಕೊಳ್ಳುವವನು ತನಗೆ ತಾನೇ ಕೊಟ್ಟುಕೊಂಡು ನಿಶ್ಚಿಂತನಾಗಿರುವುದನ್ನು ಏನೆಂದು ಕರೆಯಬೇಕು?

ಎರಡನೆಯ ಪೂರ್ವಪಕ್ಷದವರು ಅನುಭವಸ್ಥರು. ಅವರು ಒಂದೇ ಊರಿನ ಹೆಸರನ್ನು ಮಂತ್ರದಂತೆ ಜಪಿಸುವರು: ಮ್ಯೂನಿಕ್. ಜರ್ಮನಿಯ ಆ ನಗರದ ಪೌರಸಭೆಯು 2003ರಲ್ಲಿ ಮೈಕ್ರೋಸಾಫ್ಟನ್ನು ಬಿಟ್ಟು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಗೆ ಹೋಗಲು ನಿಶ್ಚಯಿಸಿತು. ಆ ನಿಶ್ಚಯವನ್ನು ತಪ್ಪಿಸುವುದಕ್ಕೆಂದು ಮೈಕ್ರೋಸಾಫ್ಟಿನ ಮುಖ್ಯಾಧಿಕಾರಿಗಳಾಗಿದ್ದ ಸ್ಟೀವ್ ಬಾಮರ್ ಅವರು ತಮ್ಮ ವಿಹಾರವನ್ನು ನಡುವೆ ನಿಲ್ಲಿಸಿ ಸ್ವತಃ ಮೇಯರರನ್ನು ಕಾಣಲು ಬಂದರು, ಪೌರಸಭೆಯು ಬಗ್ಗಲಿಲ್ಲ. ಹತ್ತು ವರ್ಷಗಳ ಶ್ರಮದಿಂದ 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳು ಬದಲಾದವು. ಆದರೆ ಮೇಯರರು ಬದಲಾದರು, ಮನಸ್ಸುಗಳೂ ಬದಲಾದವು. 2017ರಲ್ಲಿ ಅದೇ ಪೌರಸಭೆಯು ಹಿಂದಿರುಗಲು ನಿರ್ಣಯಿಸಿತು. “ಕಂಡಿರಾ, ಜರ್ಮನರಿಗೇ ಆಗಲಿಲ್ಲ!” ಎಂಬುದು ಇವರ ವಾದ.

ಈ ವಾದವು ಹಾಡಿನ ಅರ್ಧವನ್ನು ಮಾತ್ರ ಹಾಡುತ್ತದೆ. ಹದಿನೈದು ಸಾವಿರ ಯಂತ್ರಗಳಲ್ಲಿ ಒಂದು ಮಹಾನಗರದ ಆಡಳಿತವು ವರ್ಷಗಟ್ಟಲೆ ನಡೆಯಿತೆಂಬುದು ಮುಕ್ತ ತಂತ್ರಾಂಶವು ಕೈಲಾಗದುದೆಂಬುದಕ್ಕೆ ಸಾಕ್ಷಿಯೋ, ಕೈಲಾಗುವುದೆಂಬುದಕ್ಕೆ ಸಾಕ್ಷಿಯೋ? 2016ರಲ್ಲಿ ನಗರವೇ ಮಾಡಿಸಿದ ಪರಿಶೀಲನೆಯು ತೊಂದರೆಗಳ ಬಹುಭಾಗವು ತಂತ್ರಾಂಶದಲ್ಲಲ್ಲ, ಇಲಾಖೆಗಳು ಕೆಲಸವನ್ನು ಹಂಚಿಕೊಂಡಿದ್ದ ಕ್ರಮದಲ್ಲಿದೆಯೆಂದು ತೋರಿಸಿತು. 2020ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಕೂಟವು, ಸಾರ್ವಜನಿಕರ ಹಣದಿಂದ ಮಾಡಿಸಿದ ತಂತ್ರಾಂಶವು ಸಾರ್ವಜನಿಕರಿಗೇ ತೆರೆದಿರಬೇಕೆಂಬ ತತ್ತ್ವವನ್ನು ಮತ್ತೆ ಅಂಗೀಕರಿಸಿತು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ನಗರಸಭೆಗಳಿಗೂ ಅನ್ವಯಿಸುತ್ತದೆ. ಫ್ರಾನ್ಸಿನ ಜಾಂಡಾರ್ಮರಿಯೆಂಬ ರಕ್ಷಕಪಡೆಯು ಅದೇ ನೆಲದ ಮೇಲೆ ಕುಣಿದು ತೋರಿಸಿದೆ. ಅದು 2005ರಲ್ಲಿ ಮೊದಲು ಕಚೇರಿಯ ತಂತ್ರಾಂಶವನ್ನು ಮಾತ್ರ ಬದಲಿಸಿತು. ನೌಕರರ ಕೈಗೆ ಅದು ಪಳಗಿದ ಮೇಲೆಯೇ, 2008ರಿಂದ ಈಚೆಗೆ ಯಂತ್ರದ ಮೂಲವ್ಯವಸ್ಥೆಗೆ ಕೈಹಾಕಿತು. ಹತ್ತಾರು ಸಾವಿರ ಯಂತ್ರಗಳು ಅಲ್ಲಿ ಇಂದಿಗೂ ಮುಕ್ತ ತಂತ್ರಾಂಶದಿಂದ ನಡೆಯುತ್ತಿವೆ. ಮ್ಯೂನಿಕ್ಕಿನ ಹೆಸರನ್ನು ಬಲ್ಲವರು ಈ ಪಡೆಯ ಹೆಸರನ್ನು ಏತಕ್ಕೆ ಹೇಳುವುದಿಲ್ಲ?

ಜರ್ಮನಿಯ ಮಾತಿಗೇ ಬರುವುದಾದರೆ, ಆ ದೇಶದ ಉತ್ತರದ ತುದಿಯಲ್ಲಿರುವ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಕಡೆಗೂ ಕಣ್ಣು ಹಾಯಿಸಬೇಕು. 2024ರ ಏಪ್ರಿಲಿನಲ್ಲಿ ಅಲ್ಲಿಯ ಸರ್ಕಾರವು ಸುಮಾರು 30,000 ಯಂತ್ರಗಳಲ್ಲಿ ಲಿಬ್ರೆ ಆಫೀಸನ್ನು ಜಾರಿಗೆ ತರುವುದಾಗಿ ಸಾರಿತು. 2025ರ ಅಕ್ಟೋಬರಿನ ಹೊತ್ತಿಗೆ 40,000ಕ್ಕೂ ಹೆಚ್ಚಿನ ಅಂಚೆಪೆಟ್ಟಿಗೆಗಳು ಮೈಕ್ರೋಸಾಫ್ಟಿನಿಂದ ಮುಕ್ತ ತಂತ್ರಾಂಶಕ್ಕೆ ಸಾಗಿದ್ದವು. ಇದೆಲ್ಲವೂ ಹೂವಿನ ಹಾಸಿಗೆಯ ಮೇಲೆ ನಡೆಯಲಿಲ್ಲ. ಅಂಚೆಯ ಬದಲಾವಣೆಯ ಕಾಲದಲ್ಲಿ ನ್ಯಾಯಾಲಯಗಳ ನೌಕರರಿಂದಲೂ ಇತರರಿಂದಲೂ ದೂರುಗಳು ಬಂದವು. ಸಂಬಂಧಪಟ್ಟ ಮಂತ್ರಿಗಳೂ ತೊಡಕುಗಳಾದುದನ್ನು ಒಪ್ಪಿಕೊಂಡರು. ಆದರೂ ಕೆಲಸವನ್ನು ಕೈಬಿಡಲಿಲ್ಲ. 2026ನೆಯ ಇಸವಿಯೊಂದರಲ್ಲಿಯೇ ಒಂದೂವರೆ ಕೋಟಿ ಯೂರೋಗಳಿಗೂ ಮಿಕ್ಕಿ ಲೈಸೆನ್ಸಿನ ಹಣವು ಉಳಿಯುವುದೆಂದೂ, ಬದಲಾವಣೆಗೂ ಅಭಿವೃದ್ಧಿಗೂ ಒಮ್ಮೆ ತಗಲುವ ವೆಚ್ಚವು 90 ಲಕ್ಷ ಯೂರೋಗಳೆಂದೂ ಆ ಸರ್ಕಾರವು ಪ್ರಕಟಿಸಿದೆ. ಬಾಡಿಗೆಯಾಗಿ ಹೋಗುತ್ತಿದ್ದ ಹಣವು ಸ್ವಂತ ನಾಡಿನ ತಂತ್ರಜ್ಞರ ಕೈಗೆ ಬರುವುದು ಅಲ್ಲಿಯ ಉದ್ದೇಶ. ಮುಕ್ತ ತಂತ್ರಾಂಶವೆಂದರೆ ಪುಕ್ಕಟೆಯ ತಂತ್ರಾಂಶವೆಂದು ತಿಳಿದು, ತರಬೇತಿಗೂ ದುರಸ್ತಿಗೂ ಕಾಸು ಬಿಚ್ಚದೆ, ಎಲ್ಲವೂ ತಾನಾಗಿ ನಡೆಯಬೇಕೆಂದು ಬಯಸುವವರು ಈ ಭಾಗವನ್ನು ಎರಡು ಸಲ ಓದುವುದು ಒಳ್ಳೆಯದು.

ಮೂರನೆಯ ಪೂರ್ವಪಕ್ಷವು ಮಿಕ್ಕವುಗಳಿಗಿಂತ ಆಕರ್ಷಕವಾದುದು. ಆದಕಾರಣವೇ ಹೆಚ್ಚು ಅಪಾಯಕರವಾದುದು. “ಪರದೇಶದವರ ತಂತ್ರಾಂಶ ಬೇಡವೆಂದರೆ ಸ್ವದೇಶದವರದನ್ನು ಕೊಂಡರಾಯಿತು; ಮೂಲಪಾಠವು ತೆರೆದಿದ್ದರೇನು, ಮುಚ್ಚಿದ್ದರೇನು?” 2025ರ ಅಕ್ಟೋಬರಿನಲ್ಲಿ ಕೇಂದ್ರದ ಶಿಕ್ಷಣ ಮಂತ್ರಾಲಯವು ತನ್ನ ಅಧಿಕಾರಿಗಳು ತಮಿಳುನಾಡಿನ ಜೋಹೋ ಸಂಸ್ಥೆಯ ಕಚೇರಿ ತಂತ್ರಾಂಶವನ್ನು ಬಳಸಬೇಕೆಂದು ಆದೇಶವಿತ್ತಿತು. ಸುಮಾರು 12 ಲಕ್ಷ ಕೇಂದ್ರ ನೌಕರರ ಇ-ಮೇಲುಗಳು ಆ ಸಂಸ್ಥೆಯ ವ್ಯವಸ್ಥೆಗೆ ಹೋದುವೆಂದೂ ಪತ್ರಿಕೆಗಳು ವರದಿಮಾಡಿದುವು. ಜೋಹೋ ಸ್ವದೇಶದ ಬುದ್ಧಿಶಕ್ತಿಗೆ ಕೀರ್ತಿಯನ್ನು ತಂದ ಸಂಸ್ಥೆಯೆಂಬುದರಲ್ಲಿ ಸಂದೇಹವಿಲ್ಲ. ಆ ತಂತ್ರಾಂಶವು ಪರದೇಶದ ಕಟ್ಟಳೆಯಿಂದ ನಿಂತುಹೋಗುವ ಭಯವೂ ಕಡಿಮೆ. ಆದರೆ ಅದರ ಮೂಲಪಾಠವೂ ಮುಚ್ಚಿದುದೇ. ಅದಕ್ಕೂ ಒಡೆಯನು ಒಬ್ಬನೇ. ಇಂದಿನ ಒಡೆಯರು ಸಜ್ಜನರಾಗಿರಬಹುದು. ನಾಳೆಯ ಒಡೆಯರು ಯಾರೆಂಬುದನ್ನು ಬಲ್ಲವರಾರು? ಸನ್ ಸಂಸ್ಥೆಯು ಒರಾಕಲ್ಲಿನ ಪಾಲಾದ ಕಥೆಯು ಮೇಲೆಯೇ ಬಂದಿದೆ.

ನೈಯಾಯಿಕರು ಹೇಳುವ ಘಟ್ಟಕುಟೀಪ್ರಭಾತನ್ಯಾಯವು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಸುಂಕವನ್ನು ತಪ್ಪಿಸಬೇಕೆಂದು ಬಂಡಿಯವನೊಬ್ಬನು ರಾತ್ರಿಯೆಲ್ಲಾ ಕಾಡುದಾರಿಯಲ್ಲಿ ಅಲೆದು, ಬೆಳಗಾಗುವ ಹೊತ್ತಿಗೆ ಸುಂಕದ ಕಟ್ಟೆಯ ಎದುರಿಗೇ ಬಂದು ನಿಂತನಂತೆ. ಒಬ್ಬ ಒಡೆಯನ ಬೀಗದಿಂದ ತಪ್ಪಿಸಿಕೊಂಡು ಇನ್ನೊಬ್ಬ ಒಡೆಯನ ಬೀಗದೊಳಗೆ ಸೇರುವ ಪ್ರಯಾಣವು ಇದೇ ಬಗೆಯದು. ಬೀಗವು ಸ್ವದೇಶದ್ದಾದ ಮಾತ್ರಕ್ಕೆ ಅದು ಬಾಗಿಲಾಗುವುದಿಲ್ಲ.

ಈ ಮಾತಿಗೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕನ್ನಡಿಗರ ಮನೆಯಲ್ಲಿಯೇ ಇದೆ. ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯತೊಡಗಿದ ಕಾಲದಲ್ಲಿ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸುವ ಉಪಾಯವನ್ನು ತಂತ್ರಾಂಶದವರು ಹೂಡಿದರು. ಶ್ರೀಲಿಪಿಯ ಕ್ರಮವೊಂದು, ನುಡಿಯ ಹಳೆಯ ಅಕ್ಷರಗಳ ಕ್ರಮವೊಂದು. ಕಣ್ಣಿಗೆ ಕನ್ನಡ, ಯಂತ್ರದ ಒಳಗೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ, ಭೂದಾಖಲೆಯಾಗಲಿ ಮಹಾಕಾವ್ಯವಾಗಲಿ ಹುಚ್ಚನ ಗೀಚಿನಂತೆ ಕಾಣುವುದು. ಅದರಲ್ಲಿ ಒಂದು ಹೆಸರನ್ನು ಹುಡುಕುವಂತಿಲ್ಲ. ಪದಗಳನ್ನು ಅಕಾರಾದಿಯಾಗಿ ಜೋಡಿಸುವಂತಿಲ್ಲ. ಯೂನಿಕೋಡ್ ಎಂಬ ಜಗತ್ತಿನ ಸಾಮಾನ್ಯ ಕ್ರಮದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನವು ದೊರೆತಿತ್ತು. ಆದರೂ ವರ್ಷಗಟ್ಟಲೆ ಕಚೇರಿಗಳೂ ಅಚ್ಚುಕೂಟಗಳೂ ಹಳೆಯ ಕ್ರಮಗಳಲ್ಲಿಯೇ ಬರೆದು ಗುಡ್ಡೆಹಾಕಿದುದನ್ನು ಇಂದು ಪರಿವರ್ತಿಸಲು ಹೊರಟವರು, ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನಪಲ್ಲಟವಾದ ಪುಟಗಳನ್ನು ಒಂದೊಂದಾಗಿ ತಿದ್ದುತ್ತಾ ಕುಳಿತಿರುವರು.

ಆ ತಂತ್ರಾಂಶಗಳು ಸ್ವದೇಶದವೇ. ನುಡಿಯಂತೂ ಹಣಕೊಟ್ಟು ಕೊಳ್ಳಬೇಕಾದುದೂ ಆಗಿರಲಿಲ್ಲ. ಅಂದಿನ ಅವಶ್ಯಕತೆಗೆ ಅವು ಒದಗಿದುವೆಂಬ ಕೃತಜ್ಞತೆಯು ಸಲ್ಲತಕ್ಕದ್ದೇ. ಆದರೆ ಜಗತ್ತಿಗೆಲ್ಲ ಸಾಮಾನ್ಯವಾದ ತೆರೆದ ಸ್ವರೂಪವಿಲ್ಲದ ಬರಹವನ್ನು ಸ್ವದೇಶಾಭಿಮಾನವೂ ಕಾಪಾಡಲಿಲ್ಲ, ಅಗ್ಗದ ಬೆಲೆಯೂ ಕಾಪಾಡಲಿಲ್ಲ. ಇದಕ್ಕೆ ಎದುರಾಗಿ ಕಿನ್ನಿಕಂಬಳ ಪದ್ಮನಾಭರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ನೋಡಬಹುದು. ಅವರು ಅದನ್ನು ಧನಾಪೇಕ್ಷೆಯಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟರು. ಸರ್ಕಾರವು ಅದನ್ನು ಅಂಗೀಕರಿಸಿತು. ನುಡಿಯಲ್ಲಿಯೂ ಅದೇ, ಬೇರೆ ಬೇರೆ ಸಂಸ್ಥೆಗಳ ಯಂತ್ರಗಳಲ್ಲಿಯೂ ಅದೇ. ಒಂದು ಕಡೆ ಕಲಿತ ಕೈ ಎಲ್ಲಾ ಕಡೆಯೂ ಕನ್ನಡವನ್ನು ಬರೆಯುತ್ತದೆ. ತೆರೆದುದು ಹಬ್ಬಿತು, ತೊಡಕಿನ ಕ್ರಮಗಳು ತಿದ್ದುವವರ ಪಾಲಿಗೆ ಉಳಿದುವು. ಈ ಅನುಭವವನ್ನು ಇಷ್ಟು ಬೆಲೆತೆತ್ತು ಪಡೆದ ಜನರು ಅದನ್ನು ಮರೆಯುವುದು ತರವೆ?

ಕೊನೆಯದಾಗಿ, ಪೂರ್ವಪಕ್ಷದಲ್ಲಿಯೂ ಸತ್ಯಾಂಶವಿರುವುದನ್ನು ಒಪ್ಪಬೇಕು. ಎಕ್ಸೆಲ್ಲಿನಲ್ಲಿ ಮ್ಯಾಕ್ರೋ ಎಂಬ ಸ್ವಯಂಚಲಿತ ಆಜ್ಞೆಗಳನ್ನು ಹೆಣೆದು ವರ್ಷಗಳಿಂದ ಲೆಕ್ಕಪತ್ರಗಳನ್ನು ನಡೆಸುತ್ತಿರುವ ಇಲಾಖೆಗಳಿಗೆ ಬದಲಾವಣೆಯು ಸುಲಭವಲ್ಲ. ಇಪ್ಪತ್ತು ವರ್ಷ ಒಂದೇ ಸಾಧನದಲ್ಲಿ ಬರೆದ ಗುಮಾಸ್ತನಿಗೆ, ಗುಂಡಿಯೊಂದು ಎಡದಿಂದ ಬಲಕ್ಕೆ ಸರಿದರೂ ತೊಂದರೆಯೇ. ಆದರೆ ಇದರಿಂದ ಸಿದ್ಧವಾಗುವುದು ನಿಧಾನವಾಗಿ ಹೊರಡಬೇಕೆಂಬುದೇ ಹೊರತು, ಹೊರಡಲೇಕೂಡದೆಂಬುದಲ್ಲ. ತಡಮಾಡಿದಷ್ಟೂ ಹೆಣಿಗೆಯು ಹೆಚ್ಚುತ್ತದೆ, ಬಿಡಿಸುವ ಕಷ್ಟವೂ ಹೆಚ್ಚುತ್ತದೆ. ಏನನ್ನೂ ಬದಲಿಸದವರಿಗೆ ಬದಲಾವಣೆ ತಪ್ಪುವುದೂ ಇಲ್ಲ. ಮೈಕ್ರೋಸಾಫ್ಟ್ ತನ್ನ 2016 ಮತ್ತು 2019ರ ಆಫೀಸುಗಳಿಗೆ 2025ರ ಅಕ್ಟೋಬರ್ 14ರಂದು ರಕ್ಷಣೆಯನ್ನು ನಿಲ್ಲಿಸಿತು. ಅವನ್ನು ನಂಬಿದ್ದವರು ಹೊಸದನ್ನು ಕೊಳ್ಳಬೇಕು, ಇಲ್ಲವೆ ಅರಕ್ಷಿತವಾದುದನ್ನು ಬಳಸಬೇಕು. ಯಾರ ಅನುಕೂಲಕ್ಕಾಗಿ, ಯಾರು ಗೊತ್ತುಪಡಿಸಿದ ದಿನದಂದು ಬದಲಾಗಬೇಕೆಂಬುದಷ್ಟೇ ಪ್ರಶ್ನೆ.

ಕೇಂದ್ರ ಸರ್ಕಾರವು 2010ರಲ್ಲಿ ಮುಕ್ತ ಪ್ರಮಾಣಗಳ ಬಗೆಗೂ, 2015ರಲ್ಲಿ ಸರ್ಕಾರಿ ಕೆಲಸಗಳಿಗೆ ಮುಕ್ತ ತಂತ್ರಾಂಶವನ್ನು ಮೊದಲು ಪರಿಗಣಿಸಬೇಕೆಂಬ ಬಗೆಗೂ ನೀತಿಗಳನ್ನು ಪ್ರಕಟಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ನೀತಿಯು ಕಾಗದದಲ್ಲಿದೆ, ರೂಢಿಯು ಮೇಜಿನ ಮೇಲಿದೆ. ನೆರೆಯ ಕೇರಳವು ಹಾಗೆ ಬಿಡಲಿಲ್ಲ. 2001ರಲ್ಲಿ ಶಾಲೆಗಳಿಗಾಗಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಕ್ರಮೇಣ ಮುಕ್ತ ತಂತ್ರಾಂಶವನ್ನೇ ಪೂರ್ಣವಾಗಿ ಅವಲಂಬಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿಯ ಸರ್ಕಾರಿ ಶಾಲೆಗಳ ಮಕ್ಕಳು ಮುಕ್ತ ತಂತ್ರಾಂಶದಲ್ಲಿಯೇ ಬರೆಯಲು ಕಲಿಯುತ್ತಿರುವರು. ಘಟ್ಟದ ಆಚೆ ಆದುದು ಈಚೆ ಆಗದಿರುವುದಕ್ಕೆ ಪ್ರಕೃತಿಯ ಅಡ್ಡಿಯೇನೂ ಇಲ್ಲ.

ಆದಕಾರಣ ಮಾಡತಕ್ಕ ಕೆಲಸದ ಕ್ರಮವು ಸ್ಪಷ್ಟವಾಗಿದೆ. ಮೊದಲು ಸ್ವರೂಪ, ಆಮೇಲೆ ಸಾಧನ. ಪ್ರತಿಯೊಂದು ಕಚೇರಿಯೂ, ಶಾಲೆಯೂ, ಸಹಕಾರ ಸಂಘವೂ, ಸಾಹಿತ್ಯ ಸಂಸ್ಥೆಯೂ ಶಾಶ್ವತವಾಗಿ ಉಳಿಯಬೇಕಾದ ತನ್ನ ಬರಹವನ್ನು ಇಂದಿನಿಂದಲೇ ಯೂನಿಕೋಡ್ ಅಕ್ಷರಗಳಲ್ಲಿ, ಓಪನ್ ಡಾಕ್ಯುಮೆಂಟ್ ಸ್ವರೂಪದಲ್ಲಿ ಇಡತಕ್ಕದ್ದು. ಇದಕ್ಕೆ ಯಾವ ತಂತ್ರಾಂಶವನ್ನೂ ಕೂಡಲೆ ಬಿಡಬೇಕಾಗಿಲ್ಲ. ವರ್ಡಿನಲ್ಲಿಯೂ ಆ ಸ್ವರೂಪದಲ್ಲಿ ಉಳಿಸುವ ಅನುಕೂಲವುಂಟು. ಎರಡನೆಯದಾಗಿ, ಹೊಸದಾಗಿ ಕಲಿಯುವ ಮಕ್ಕಳಿಗೆ ಲಿಬ್ರೆ ಆಫೀಸಿನಲ್ಲಿಯೇ ಕಲಿಸತಕ್ಕದ್ದು. ಅಭ್ಯಾಸವನ್ನು ಬಿಡಿಸುವುದಕ್ಕಿಂತ ಮೊದಲೇ ಒಳ್ಳೆಯ ಅಭ್ಯಾಸವನ್ನು ಹಿಡಿಸುವುದು ಸುಲಭ. ಮೂರನೆಯದಾಗಿ, ಬಾಡಿಗೆಯಲ್ಲಿ ಉಳಿದ ಹಣದಲ್ಲಿ ಒಂದು ಪಾಲನ್ನು ತರಬೇತಿಗೂ, ಕನ್ನಡದ ಅಕ್ಷರಶೈಲಿಗಳಿಗೂ, ಕಾಗುಣಿತ ತಿದ್ದುವ ಸಾಧನಗಳಿಗೂ, ಮುಕ್ತ ತಂತ್ರಾಂಶದ ಕನ್ನಡ ಅನುವಾದಕ್ಕೂ ವಿನಿಯೋಗಿಸತಕ್ಕದ್ದು. ಇಂದು ಈ ಕೆಲಸವನ್ನು ಬೆರಳೆಣಿಕೆಯ ಸ್ವಯಂಸೇವಕರು ತಮ್ಮ ಬಿಡುವಿನ ವೇಳೆಯಲ್ಲಿ ಮಾಡುತ್ತಿರುವರು. ಕನ್ನಡವು ಸರ್ಕಾರದ ಭಾಷೆಯಾಗಿರುವ ನಾಡಿನಲ್ಲಿ ಅದು ಅವರ ಬಿಡುವಿನ ಕೆಲಸವಾಗಿಯೇ ಉಳಿಯಬಾರದು.

ಬರಹವೆಂಬುದು ಹಿಂದಿನವರು ಮುಂದಿನವರಿಗೆ ಬಿಟ್ಟುಹೋಗುವ ಆಸ್ತಿ. ಶಾಮಾಶಾಸ್ತ್ರಿಗಳ ಕೈಗೆ ಬಂದ ಓಲೆಯನ್ನು ಬರೆದ ಅಜ್ಞಾತ ಲಿಪಿಕಾರನು, ಅದು ಯಾವ ಕಾಲದಲ್ಲಿ ಯಾರ ಕೈ ಸೇರೀತೆಂಬುದನ್ನು ತಿಳಿದಿರಲಿಲ್ಲ. ಸೇರಿದವರು ಓದಬಲ್ಲಂತೆ ಮಾತ್ರ ಬರೆದಿಟ್ಟನು. ಇಂದಿನ ಕಚೇರಿಗಳು ಬರೆದಿಡುವ ಹೊಲದ ಎಲ್ಲೆಯನ್ನೂ, ಕೆರೆಯ ನೀರಿನ ಪಾಲನ್ನೂ, ಮಕ್ಕಳ ಜನ್ಮದಿನವನ್ನೂ ನೂರು ವರ್ಷಗಳ ಮೇಲೆ ತೆರೆಯಲಿರುವವರು ಅಷ್ಟೇ ನಿರಾತಂಕವಾಗಿ ಓದಬಲ್ಲರೆ ಎಂಬ ಪ್ರಶ್ನೆಗೆ, ಈಗ ಆ ಕಚೇರಿಗಳಲ್ಲಿ ಕುಳಿತಿರುವವರೇ ಉತ್ತರವನ್ನು ಕೊಡಬೇಕು.